ಸೂತ್ರದ ಜೊತೆ ಅರ್ಥವನ್ನೂ ಕಲಿಸಿ

ಮಾನ್ಯರೇ,

ಸರಾಸರಿ, ಮಧ್ಯಾಂಕ (ಅಂಕಿಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವುದು), ಬಹುಲಕ (ಅತಿ ಹೆಚ್ಚು ಸಲ ಬರುವುದು) ಇವುಗಳ ಸೂತ್ರವನ್ನು ಶಾಲೆಯಲ್ಲಿ ಚೆನ್ನಾಗಿಯೇ ಕಲಿಸುತ್ತಾರೆ. ಯಾವುದನ್ನು ಎಲ್ಲಿ ಬಳಸಬೇಕು ಎಂದು ಹೇಳಿಕೊಡುವುದು ಮಾತ್ರ ಕಡಿಮೆ. ಒಂಬತ್ತನೇ ತರಗತಿಯ ನನ್ನ ಮಗಳಿಗೆ ಮೂರೂ ಬಾಯಿಪಾಠ. ಮೊನ್ನೆ, ಐದು ದಿನ ಅವಳು ಬಸ್ಸಿಗೆ ಕಾದ ನಿಮಿಷಗಳನ್ನೇ ಬರೆಸಿದೆ: 8, 5, 47, 5, 10. ಮಧ್ಯಾಂಕ ಎಷ್ಟು ಎಂದರೆ ಥಟ್ಟನೆ 47 ಎಂದಳು. ನಡುವೆ ಇದೆ, ಅಲ್ವಾ! ಏರಿಕೆ ಕ್ರಮದಲ್ಲಿ ಜೋಡಿಸಿದ ಮೇಲೆ 8 ಬಂತು. ಬಹುಲಕ 5. ಸರಾಸರಿ ಮಾತ್ರ 15. ಆದರೆ ನಾಲ್ಕು ದಿನ ಅವಳು ಹತ್ತು ನಿಮಿಷಕ್ಕಿಂತ ಜಾಸ್ತಿ ಕಾದೇ ಇಲ್ಲ! ಬೆಂಗಳೂರಿನ ಒಂದು ಮಳೆಯ ಸಂಜೆ ಸರಾಸರಿಯನ್ನು ಅಷ್ಟು ಮೇಲಕ್ಕೆ ಎಳೆದಿತ್ತು. ಮಧ್ಯಾಂಕ ಯಾಕೆ ಬೇಕು ಎಂಬುದು ಅವಳಿಗೆ ಹೊಳೆದದ್ದು ಆಗಲೇ.

ಚಪ್ಪಲಿ ಅಂಗಡಿಯವರಿಗೆ ಬೇಕಾದದ್ದು ಬಹುಲಕ. ಸರಾಸರಿ ಸೈಜ್ ತಗೊಂಡು ಅವರೇನು ಮಾಡುತ್ತಾರೆ?

ಈ ಪಾಠ ಶುರುವಾಗುವ ವಾರ ಶಿಕ್ಷಕರು ಮಕ್ಕಳಿಂದಲೇ ಇಂಥ ಅಂಕಿಗಳನ್ನು ಬರೆಸಿ ತರಿಸಲಿ. ಪರೀಕ್ಷೆಯಲ್ಲೂ ‘ಇಲ್ಲಿ ಯಾವುದು ಸರಿ, ಯಾಕೆ?’ ಎಂಬ ಒಂದು ಪ್ರಶ್ನೆಗೆ ಎರಡು ಅಂಕ ಇಡಲಿ.

– ಪೋಷಕರೊಬ್ಬರು, ಬನಶಂಕರಿ, ಬೆಂಗಳೂರು