ಯಾವೂರ್ರಿ ನಿಮ್ಮದು?

ಗದಗ

ಚಿ. ಮಂಜುನಾಥನಿಗೆ ಕಾಕಾನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ.

ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಬಾಜೂ ಕೂತವರು ಮಾತಿಗೆಳೆಯುತ್ತಾರೆ, ಇಯರ್‌ಫೋನ್ ಹಾಕಿಕೊಂಡು ಕೂತುಬಿಡಲೇ ಎಂದು ಬರೆದಿದ್ದೀ. ಬೇಡ. ಬೆಳೆಸಾಲದ ಟೇಬಲ್ಲಿಗೆ ಕೂತವನಿಗೆ ಆ 22 ಕಿಲೋಮೀಟರಿನಷ್ಟು ಕಲಿಸುವ ಜಾಗ ಬ್ಯಾಂಕಿನೊಳಗಿಲ್ಲ.

ದೂರದ ರೈಲಿನಲ್ಲಿ ಸಿಕ್ಕವರು ಮತ್ತೆ ಸಿಗುವುದಿಲ್ಲ. ದಿನದ ಬಸ್ಸಿನವರು ನಾಳೆಯೂ ಅದೇ ಕಂಬ ಹಿಡಿದು ನಿಂತಿರುತ್ತಾರೆ. ಅದಕ್ಕೇ ಸುಳ್ಳು ಹೇಳಬೇಡ. ಸೋಮವಾರ ಹೇಳಿದ್ದನ್ನು ಗುರುವಾರ ನೆನಪಿಡಬೇಕಾಗುತ್ತದೆ. ಕಡಿಮೆ ಹೇಳು, ಅಷ್ಟೇ. "ಯಾವೂರ್ರಿ?" ಅಂದರೆ ತಾಲ್ಲೂಕು ಹೇಳು, ಓಣಿ ಬೇಡ. "ಯಾರ ಪೈಕಿ?" ಅಂದರೆ ಕೇಳುವುದು ಏನೆಂದು ಇಬ್ಬರಿಗೂ ಗೊತ್ತು. ಸಿಟ್ಟಾಗದೆ "ಗದಗಿನ ಪೈಕಿ ನೋಡ್ರಿ" ಅಂದು ನಕ್ಕುಬಿಡು. ಬ್ಯಾಂಕು ಅನ್ನು, ಯಾವ ಟೇಬಲ್ ಅನ್ನಬೇಡ. ಮರುದಿನ ಪಾಸ್‌ಬುಕ್ ಹಿಡಿದು ಬಸ್ಸಿಗೇ ಬಂದಾರು. ರೂಮಿನಲ್ಲಿ ಒಬ್ಬನೇ ಇರುತ್ತಿ, ಶನಿವಾರ ಬೀಗ ಹಾಕಿ ಊರಿಗೆ ಬರುತ್ತಿ ಎಂಬುದನ್ನಂತೂ ಬಾಯಿಬಿಡಬೇಡ. ಕೇಳಿದವರು ಒಳ್ಳೆಯವರೇ ಇದ್ದಾರು, ಹಿಂದಿನ ಸೀಟಿನವರಿಗೂ ಕಿವಿ ಇರುತ್ತವೆ.

ಇನ್ನು ನೀನು ಕೇಳುವುದು. ದೀಪಾವಳಿ ಆದ ಮೇಲೆ ಅಮರಗೋಳದ ಎಪಿಎಂಸಿಗೆ ಹೋಗುವ ರೈತರು ಸಿಕ್ಕರೆ, "ಪ್ಯಾಟಿ ಹೆಂಗೈತ್ರಿ?" ಅನ್ನಬೇಡ. "ನಡದೈತಿ" ಅಂದು ಕಿಟಕಿ ಕಡೆ ತಿರುಗುತ್ತಾರೆ. "ಹತ್ತ್ಯಾಗ ಹಸಿ ಎಷ್ಟ ಬಂತ್ರಿ?" ಅನ್ನು, ಪೂರಾ ನಿನ್ನ ಕಡೆ ತಿರುಗಿ ಕೂಡುತ್ತಾರೆ. ಬೆಂಬಲ ಬೆಲೆಯಲ್ಲಿ ಭಾರತೀಯ ಹತ್ತಿ ನಿಗಮ ಕೊಳ್ಳುವಾಗ ತೇವಾಂಶ ಶೇ. 8ರೊಳಗಿದ್ದರೆ ಪೂರ್ತಿ ದರ, ಮೇಲೆ ಹೋದಂತೆ ಕಡಿತ, 12 ದಾಟಿದರೆ ಕೊಳ್ಳುವುದೇ ಇಲ್ಲ. ನಸುಕಿನ ಇಬ್ಬನಿಯಲ್ಲಿ ಬಿಡಿಸಿದ್ದನ್ನು ಒಣಗಿಸದೆ ಚೀಲಕ್ಕೆ ತುಂಬಿದರೆ ಅಲ್ಲೇ ಪೆಟ್ಟು ಬೀಳುತ್ತದೆ. ಮುಷ್ಟಿಯಲ್ಲಿ ಹಿಚುಕಿ ಬಿಟ್ಟಾಗ ಒಣ ಹತ್ತಿ ಅರಳುತ್ತದೆ, ಹಸಿಯದು ಮುದ್ದೆಯಾಗಿಯೇ ಉಳಿಯುತ್ತದೆ. ಗಾಳಿಯಲ್ಲೇ ಕೈ ಹಿಚುಕಿ ತೋರಿಸುತ್ತಾರೆ, ನೋಡು. ಸಾಲ ಯಾಕೆ ನಿಂತಿತು ಎನ್ನುವುದು ಕಾಗದಕ್ಕಿಂತ ಮೊದಲು ಆ ಕೈಯಲ್ಲಿ ಕಾಣುತ್ತದೆ.

ಎರಡು ಸಲ "ಹೂಂ" ಎಂದಷ್ಟೇ ಉತ್ತರ ಬಂದರೆ ಸುಮ್ಮನಾಗು. ಎಕ್ಸ್‌ರೇ ಚೀಲ ಹಿಡಿದು ಕಿಮ್ಸ್ ಆಸ್ಪತ್ರೆಗೆ ಹೊರಟವರಿಗೆ ಏನಾಗೈತಿ ಅಂತ ಕೇಳಬೇಡ, ಎಲ್ಲಿ ಇಳೀಬೇಕ್ರಿ ಅನ್ನು. 100 ನಂಬರಿನ ಬಸ್ಸು ಎಲ್ಲ ಕಡೆ ನಿಲ್ಲುತ್ತದೆ, 200 ನಂಬರಿನದು ಎಲ್ಲ ಕಡೆ ನಿಲ್ಲುವುದಿಲ್ಲ. ಹಳ್ಳಿಯಿಂದ ಬಂದವರು ಎಡವುವುದು ಅದರಲ್ಲೇ.

ಫೋನಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. "ಚಾರ್ಜ್ ಹೋಗೇತಿ, ಒಂದ್ ಕಾಲ್ ಮಾಡ್ಲಿ?" ಅಂದರೆ ನಂಬರು ಕೇಳಿ ನೀನೇ ಒತ್ತು, ಸ್ಪೀಕರ್ ಹಾಕು, ಫೋನು ನಿನ್ನ ಕೈಯಲ್ಲೇ ಇರಲಿ. *21* ಅಥವಾ *401* ಎಂದು ಶುರುವಾದರೆ ಒತ್ತಲೇಬೇಡ. ನಿನಗೆ ಬರುವ ಕರೆಗಳು ಅವರು ಹೇಳಿದ ನಂಬರಿಗೆ ತಿರುಗಿಬಿಡಬಹುದು, ಕರೆ ಮಾಡಿ ಹೇಳುವ ಓಟಿಪಿಯೂ ಅಲ್ಲಿಗೇ. ಸಂಶಯ ಬಂದರೆ ##002# ಒತ್ತು, ತಿರುಗಿಸಿದ್ದೆಲ್ಲ ರದ್ದಾಗುತ್ತದೆ. "ನಗದು ಕೊಡ್ರಿ, ಫೋನ್‌ಪೇ ಮಾಡ್ತೇನಿ" ಅಂದವರ ಪರದೆಯಲ್ಲಿ ಹಸಿರು ಟಿಕ್ ಕಂಡರೆ ಸಾಲದು, ನಿನ್ನ ಖಾತೆಯಲ್ಲಿ ಜಮಾ ಕಾಣಬೇಕು. ಹಣ ಬರಲು ಪಿನ್ ಒತ್ತುವ ಪ್ರಮೇಯವೇ ಇಲ್ಲ. ರೊಕ್ಕ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಹಚ್ಚು, ತಾಸು ಕಳೆದಷ್ಟೂ ರೊಕ್ಕ ಖಾತೆಯಿಂದ ಖಾತೆಗೆ ಓಡುತ್ತದೆ.

ಮಾತು ಎಷ್ಟೇ ರುಚಿ ಇರಲಿ, ನಿನ್ನ ನಿಲ್ದಾಣಕ್ಕೆ ಒಂದು ನಿಲ್ದಾಣ ಮೊದಲೇ "ಬರ್ತೇನ್ರಿ" ಅಂದು ಎದ್ದುಬಿಡು. ರಸ್ತೆ ನಡುವಿನ ನಿಲ್ದಾಣಗಳಲ್ಲಿ ಬಾಗಿಲು ಬಲಕ್ಕೆ ತೆರೆಯುತ್ತದೆ, ಎಡಕ್ಕೆ ನಿಂತವನು ಗದ್ದಲ ದಾಟುವಷ್ಟರಲ್ಲಿ ಮುಚ್ಚಿರುತ್ತದೆ.

ಇಂತಿ,
ನಿನ್ನ ಕಾಕಾ