ರಕ್ತನಾಳದ ಬ್ಲಾಕೇಜ್ ಕರಗಿಸುವುದಾಗಿ ಹೇಳಿ ಮಾರಿದ ಕ್ಯಾಪ್ಸೂಲಿನ ಬಗ್ಗೆ ದೂರು

ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ, ಇವರಿಗೆ

ಮಾನ್ಯರೇ,

ನಿಮ್ಮ ಸಹಾಯವಾಣಿಗೆ ಹಲವು ಸಲ ಕರೆ ಮಾಡಿ, ಪ್ರತಿ ಸಲವೂ ಹೊಸದೊಂದು ದೂರು ಸಂಖ್ಯೆಯನ್ನಷ್ಟೇ ಪಡೆದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಹೃದಯದ ರಕ್ತನಾಳ ಮುಚ್ಚದಂತೆ ಸ್ಟೆಂಟ್ ಎಂಬ ಜಾಲರಿ ಕೊಳವೆ ಹಾಕಿಸಿಕೊಂಡಿರುವ ನಮ್ಮ ಯಜಮಾನರಿಗಾಗಿ ಬಂಧುಗಳೊಬ್ಬರು ತರಿಸಿಕೊಟ್ಟ ನಿಮ್ಮ ಕ್ಯಾಪ್ಸೂಲಿನ ಪೆಟ್ಟಿಗೆಯ ಮೇಲೆ "ಬ್ಲಾಕೇಜ್ ಕರಗಿಸುತ್ತದೆ, ಆಪರೇಷನ್ ಬೇಕಿಲ್ಲ" ಎಂದು ದಪ್ಪಕ್ಷರಗಳಲ್ಲಿದೆ. ಒಳಗಿನ ಬಾಟಲಿಯ ಹಿಂಬದಿಯಲ್ಲಿ, ಭೂತಗನ್ನಡಿ ಹಿಡಿದವರಿಗೆ ಕಾಣುವಂತೆ, "ಔಷಧೀಯ ಬಳಕೆಗಲ್ಲ" ಎಂದಿದೆ.

ಇದು ಔಷಧವಾದರೆ, ಹೃದ್ರೋಗ ಮತ್ತು ಅಪಧಮನಿಗಳ ಪೆಡಸುತನವನ್ನು ಗುಣಪಡಿಸುವುದಾಗಿ ಜಾಹೀರಾತು ನೀಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆಹಾರವಾದರೆ, 2006ರ ಆಹಾರ ಸುರಕ್ಷತೆ ಕಾಯ್ದೆಯ 53ನೆಯ ಕಲಮಿನಂತೆ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಇದು ನಿಮಗೆ ತಿಳಿಯದ್ದೇನಲ್ಲ. ತಿಳಿದಿರುವುದರಿಂದಲೇ ಒಂದು ಮಾತು ಪೆಟ್ಟಿಗೆಗೂ ಇನ್ನೊಂದು ಬಾಟಲಿಗೂ ಹಂಚಿಹೋಗಿದೆ.

ಕೊನೆಯ ಕರೆಯಲ್ಲಿ ನಡೆದದ್ದನ್ನು ವಿವರವಾಗಿಯೇ ಹೇಳಬೇಕಾಗಿದೆ. ಭಕ್ತಿಗೀತೆಯನ್ನು ಬಹಳ ಹೊತ್ತು ಕೇಳಿಸಿದ ಬಳಿಕ ನಿಮ್ಮ "ಆರೋಗ್ಯ ಸಲಹೆಗಾರರು" ಮಾತಿಗೆ ಬಂದರು. ಬೆಳ್ಳುಳ್ಳಿ, ಚಕ್ಕೆ, ಅರಿಶಿನದ ಈ ಮಿಶ್ರಣ ರಕ್ತನಾಳವನ್ನು ತೆರವುಗೊಳಿಸುವುದಕ್ಕೆ ಆಧಾರವೇನೆಂದು ಕೇಳಿದೆ. "ಸಾವಿರಾರು ಜನರ ರಿವ್ಯೂ ಇದೆ ಮೇಡಂ" ಎಂದರು. 2022ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು ಪ್ರಕಟಿಸಿದ ಪ್ರಯೋಗದಲ್ಲಿ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆಯಾದ ರೋಸುವಾಸ್ಟಾಟಿನ್ 5 ಮಿಲಿಗ್ರಾಂ ಪ್ರಮಾಣದಲ್ಲಿ 28 ದಿನಗಳಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲನ್ನು ಸುಮಾರು ಶೇ. 38ರಷ್ಟು ಇಳಿಸಿತೆಂದೂ, ಇದೇ ಮೂರು ಪದಾರ್ಥಗಳ ಪೂರಕಗಳು ಮದ್ದಿಲ್ಲದ ಹುಸಿಗುಳಿಗೆಗಿಂತ ಹೆಚ್ಚೇನೂ ಇಳಿಸಲಿಲ್ಲವೆಂದೂ ಹೇಳಿದೆ. "ನೀವು ಡಾಕ್ಟರಾ?" ಎಂದರು. ಅಲ್ಲ, ನಿವೃತ್ತ ವಿಜ್ಞಾನ ಶಿಕ್ಷಕಿ ಎಂದೆ. ಆಗ ಅವರು ನಕ್ಕು, "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಫೋನ್ ಕೊಡಿ" ಎಂದರು.

ಫೋನನ್ನು ಸ್ಪೀಕರಿಗೆ ಹಾಕಿ ಕೊಟ್ಟೆ. "ಅಂಕಲ್, ಮೇಡಂ ಸುಮ್ನೆ ಟೆನ್ಷನ್ ಮಾಡ್ಕೊಂಡಿದ್ದಾರೆ. ಆ ಇಂಗ್ಲಿಷ್ ಮಾತ್ರೆಗಳನ್ನ ನಿಲ್ಲಿಸಿಬಿಡಿ, ಕಿಡ್ನಿಗೆ ಒಳ್ಳೇದಲ್ಲ" ಎಂಬ ಸಲಹೆ ಬಂತು. ಆ ಮಾತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಕ್ಲೋಪಿಡೊಗ್ರೆಲ್ ಕೂಡ ಇದೆ. ಸ್ಟೆಂಟ್ ಇರುವವರು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ನಿಲ್ಲಿಸದೆ ಬೆಳ್ಳುಳ್ಳಿ ಸಾರದ ಕ್ಯಾಪ್ಸೂಲನ್ನೂ ಜೊತೆಗೆ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಈ ಎರಡರಲ್ಲಿ ಒಂದನ್ನೂ ನಿಮ್ಮ ಸಲಹೆಗಾರರು ಹೇಳಲಿಲ್ಲ. ಹೇಳಲು ಅವರಿಗೆ ಪುರಸೊತ್ತೂ ಇರಲಿಲ್ಲ. ಮೂರು ತಿಂಗಳ ಕೋರ್ಸಿಗೆ ರಿಯಾಯಿತಿ ಅಂದು ಸಂಜೆಗೇ ಮುಗಿಯುವುದಿತ್ತಂತೆ.

ಸೀಲ್ ಒಡೆದಿರುವುದರಿಂದ ಹಣ ಮರಳಿಸಲಾಗದು ಎಂಬ ನಿಮ್ಮ ಸಂದೇಶವೂ ತಲುಪಿದೆ. ಎಚ್ಚರಿಕೆಯನ್ನು ಸೀಲಿನ ಒಳಗಿಟ್ಟವರು ಸೀಲ್ ಒಡೆಯದೆ ಅದನ್ನು ಓದುವ ವಿದ್ಯೆಯನ್ನೂ ಕಲಿಸಿಕೊಡಬೇಕಿತ್ತು.

"ಗುಣಮಟ್ಟಕ್ಕಾಗಿ" ನೀವು ಮಾಡಿಕೊಂಡಿರುವ ಆ ಕರೆಯ ಧ್ವನಿಮುದ್ರಿಕೆಯನ್ನು ದಯವಿಟ್ಟು ಅಳಿಸಬೇಡಿ. ಪೆಟ್ಟಿಗೆ, ಬಾಟಲಿ ಮತ್ತು ಜಾಹೀರಾತಿನ ಚಿತ್ರಗಳೊಂದಿಗೆ ಈ ಪತ್ರದ ಪ್ರತಿಗಳು ಆಹಾರ ಸುರಕ್ಷತಾ ಅಧಿಕಾರಿಗಳಿಗೂ ಔಷಧ ನಿಯಂತ್ರಣ ಇಲಾಖೆಗೂ ಹೋಗುತ್ತಿವೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಿದ್ಧವಾಗಿದೆ. ಈಗ ನೀವು ಹಣ ಮರಳಿಸಿದರೂ ಅವು ಯಾವುವನ್ನೂ ಹಿಂಪಡೆಯುವುದಿಲ್ಲ.

ಇಂತಿ,
ನಿಮ್ಮ ದೂರುದಾರಳು