ಅದನ್ನೆಲ್ಲ ಓದಿ ಏನು ಪ್ರಯೋಜನ?

ಪ್ರಿಯ ತಮ್ಮ,

ನಿನ್ನ ಕಾಗದವೂ ಕಾದಂಬರಿಯ ಕಟ್ಟೂ ಬಂದು ಬಹಳ ದಿನವಾಯಿತು. ಏಕವಚನದಲ್ಲೇ ಬರೆಯುತ್ತೇನೆ, ನನ್ನ ಮೊಮ್ಮಕ್ಕಳ ವಾರಿಗೆಯವನು ನೀನು. ಪ್ರಕಾಶಕರನ್ನು ಹಿಡಿಯುವುದು ಹೇಗೆ, ದಿನಕ್ಕೆ ಎಷ್ಟು ಪುಟ ಬರೆಯಬೇಕು, ಮುನ್ನುಡಿ ಯಾರಿಂದ ಬರೆಸಬೇಕು ಎಂದೆಲ್ಲ ಕೇಳಿದ್ದೀಯ. ಅವಕ್ಕೆ ಉತ್ತರ ಹೇಳುವವರು ಊರ ತುಂಬ ಇದ್ದಾರೆ. ನನ್ನ ಮನಸ್ಸು ನಿಂತದ್ದು ಕೊನೆಯಲ್ಲಿ ನೀನು ಸಿಟ್ಟಿನಿಂದ ಬರೆದ ಎರಡು ಸಾಲಿನ ಮೇಲೆ. ನಿಮ್ಮೂರಿನ ಹಿರಿಯರೊಬ್ಬರು ಹಸ್ತಪ್ರತಿ ತಿರುವಿಹಾಕಿ, "ಪಂಪನನ್ನು ಓದಿದ್ದೀಯೇನಯ್ಯ? ವಡ್ಡಾರಾಧನೆ ನೋಡಿದ್ದೀಯಾ?" ಎಂದರಂತೆ. ಎಲ್ಲರೆದುರು ಅವಮಾನವಾಯಿತು, ಇನ್ನು ಬರೆಯುವುದೇ ಬೇಡ ಅನ್ನಿಸಿದೆ ಎಂದಿದ್ದೀಯ.

ಅವಮಾನವೇ? ನಿನ್ನ ಪುಣ್ಯ ಅನ್ನು.

ಉ. ವೇ. ಸ್ವಾಮಿನಾಥ ಅಯ್ಯರ್ ಹೆಸರು ಕೇಳಿದ್ದೀಯಾ? ತಮಿಳರು 'ತಮಿಳ್ ತಾತಾ' ಎಂದು ಕರೆಯುವ ಮನುಷ್ಯ. 1855ರಲ್ಲಿ ತಂಜಾವೂರು ಸೀಮೆಯಲ್ಲಿ ಹುಟ್ಟಿದವರು. ತಂದೆ ಸಂಗೀತಗಾರ, ಮನೆಯಲ್ಲಿ ಕಾಸಿಲ್ಲ, ಹುಡುಗನಿಗೆ ತಮಿಳಿನ ಹುಚ್ಚು. ಮಹಾವಿದ್ವಾನ್ ಮೀನಾಕ್ಷಿಸುಂದರಂ ಪಿಳ್ಳೆಯವರ ಶಿಷ್ಯನಾಗಿ ಮಾಯವರದಲ್ಲೂ ತಿರುವಾವಡುದುರೈ ಮಠದಲ್ಲೂ ಓದಿದರು. ಗುರುವಿಗೆ ಸಂಗೀತ ಹಿಡಿಸುವುದಿಲ್ಲವೆಂದು ಗೊತ್ತಾದಾಗ, ಹೆಸರಾಂತ ವಾಗ್ಗೇಯಕಾರ ಗೋಪಾಲಕೃಷ್ಣ ಭಾರತಿಯವರಂಥವರ ಹತ್ತಿರ ನಡೆಯುತ್ತಿದ್ದ ಸಂಗೀತಪಾಠವನ್ನೇ ಬಿಟ್ಟರು. ನಾನಾಗಿದ್ದರೆ ಬಿಡುತ್ತಿರಲಿಲ್ಲ, ಆ ಮಾತು ಬೇರೆ.

1880ರಲ್ಲಿ ಕುಂಭಕೋಣದ ಸರ್ಕಾರಿ ಕಾಲೇಜಿನಲ್ಲಿ ತಮಿಳು ಪಂಡಿತರ ಕೆಲಸ ಸಿಕ್ಕಿತು. ವಯಸ್ಸು 25. ಅದೇ ವರ್ಷ ಊರಿಗೆ ಹೊಸ ಮುನ್ಸೀಫರು ಬಂದರು, ಸೇಲಂ ರಾಮಸ್ವಾಮಿ ಮುದಲಿಯಾರ್. ಅಯ್ಯರ್ ನೋಡಲು ಹೋದರು. ಯಾರ ಹತ್ತಿರ ಓದಿದಿರಿ ಎಂದು ಮುದಲಿಯಾರರು ಕೇಳಿದರು. ಪಿಳ್ಳೆಯವರ ಹೆಸರು ಹೇಳಿದರೆ ಎಂಥವರೂ ಎದ್ದು ಕೂರುತ್ತಿದ್ದ ಕಾಲ. ಇವರ ಮುಖದಲ್ಲಿ ಏನೂ ಇಲ್ಲ. ಏನೇನು ಓದಿದ್ದೀರಿ? ಅಂತಾದಿ, ಕಲಂಬಕಂ, ಕೋವೈ, ಉಲಾ, ಪಿಳ್ಳೈತ್ತಮಿಳ್ ಎಂಬ ಪದ್ಯಪ್ರಕಾರಗಳು, ಪುರಾಣಗಳು. ಪಟ್ಟಿ ಬೆಳೆಯಿತು. ಅದನ್ನೆಲ್ಲ ಓದಿ ಏನು ಪ್ರಯೋಜನ, ಇವಕ್ಕೆಲ್ಲ ಮೂಲವಾದ ಹಳೆಯ ಗ್ರಂಥಗಳನ್ನು ಓದಿದ್ದೀರಾ ಎಂದುಬಿಟ್ಟರು ಮುದಲಿಯಾರರು. ಜೀವಕ ಚಿಂತಾಮಣಿ? ಮಣಿಮೇಖಲೈ? ಶಿಲಪ್ಪದಿಕಾರಂ? ಅಯ್ಯರ್ ಅವುಗಳ ಪುಸ್ತಕವನ್ನೇ ಕಂಡಿರಲಿಲ್ಲ. ಅವರ ಗುರುವೂ ಪಾಠ ಹೇಳಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲು. ನಿನ್ನ ಹಾಗೆ ಅವರಿಗೂ ಉರಿದಿತ್ತು. ಪುಸ್ತಕ ಸಿಗಲಿಲ್ಲ, ಅದಕ್ಕೆ ಓದಲಿಲ್ಲ. ಕೊಟ್ಟರೆ ಓದಿ ಅರ್ಥ ಹೇಳುತ್ತೇನೆ ಎಂದು ಜಂಬದಿಂದಲೇ ಹೇಳಿದರು. ಮುದಲಿಯಾರರು ಚಿಂತಾಮಣಿಯ ಪ್ರತಿಯೊಂದನ್ನು ತರಿಸಿ ಕೈಗಿಟ್ಟರು. ಬಿಚ್ಚಿ ನೋಡಿದರೆ ತಲೆಬುಡ ಅರ್ಥವಾಗಲಿಲ್ಲ. ಜೈನ ಕಾವ್ಯ ಅದು, ಇವರು ಶೈವ ಮಠದಲ್ಲಿ ಪಳಗಿದ ಬ್ರಾಹ್ಮಣ. ಕೊನೆಗೆ ಕುಂಭಕೋಣದಲ್ಲೇ ಇದ್ದ ಜೈನರ ಮನೆಗೆ ಹೋದರು. ಅಲ್ಲಿ ಬಾಗಿಲಿಗೆ ತೋರಣ. ಏನು ಹಬ್ಬ ಎಂದರೆ, ತಿಂಗಳುಗಟ್ಟಲೆ ನಡೆದ ಚಿಂತಾಮಣಿಯ ಓದು ಅಂದು ಮುಗಿದಿತ್ತಂತೆ. ವಿದ್ವಾಂಸರಿಗೆ ಮರೆತುಹೋದ ಕಾವ್ಯವನ್ನು ಪಕ್ಕದ ಬೀದಿಯ ಗೃಹಸ್ಥರು ಪಾರಾಯಣ ಮಾಡುತ್ತಿದ್ದರು! ಕಾಲೇಜಿನ ಪಂಡಿತರು ಅವರೆದುರು ಮತ್ತೆ ವಿದ್ಯಾರ್ಥಿಯಾದರು. (ಆ ಜೀವಕನೇ ನಮ್ಮ ಜೀವಂಧರ. ಭಾಸ್ಕರ ಕವಿ 1424ರಲ್ಲಿ ಭಾಮಿನಿ ಷಟ್ಪದಿಯಲ್ಲಿ ಬರೆದಿದ್ದಾನೆ. ನೀನು ಓದಿರಲಿಕ್ಕಿಲ್ಲ.)

ಚಿಂತಾಮಣಿ ಅಚ್ಚಾದದ್ದು 1887ರಲ್ಲಿ. ನಡುವೆ ಪ್ರತಿಗಳನ್ನು ಹುಡುಕುವುದು, ಪಾಠಾಂತರ ಹೋಲಿಸುವುದು, ಚಂದಾ ಎತ್ತುವುದು, ರಜೆ ಬಂದರೆ ಮದ್ರಾಸಿಗೆ ಹೋಗಿ ಕರಡು ತಿದ್ದುವುದು. ಚಿಂತಾಮಣಿಯ ಹಳೆಯ ವ್ಯಾಖ್ಯಾನಕಾರ ನಚ್ಚಿನಾರ್ಕಿನಿಯರ್ ತನ್ನ ವ್ಯಾಖ್ಯಾನದಲ್ಲಿ ಎಲ್ಲೆಲ್ಲಿಂದಲೋ ಸಾಲುಗಳನ್ನು ಎತ್ತಿ ಕೊಡುತ್ತಾನೆ; ಅವು ಯಾವ ಗ್ರಂಥದವು ಎಂದು ಹುಡುಕುತ್ತ ಹೋದವರಿಗೆ ತಮಿಳಿನ ಅತಿ ಹಳೆಯದಾದ ಸಂಗಂ ಕಾವ್ಯದ ಓಲೆಗಳು ಸಿಕ್ಕವು. ಒಂದೊಂದೇ ಗ್ರಂಥ ಅಚ್ಚಾಗುತ್ತ ಹೋಯಿತು: ಪತ್ತುಪ್ಪಾಟ್ಟು 1889, ಶಿಲಪ್ಪದಿಕಾರಂ 1892, ಪುರನಾನೂರು 1894, ಮಣಿಮೇಖಲೈ 1898. ಕುರುಂತೊಗೈ ಅಚ್ಚಾಗುವಾಗ 1937, ಮುದುಕರಿಗೆ 80 ದಾಟಿತ್ತು. ಎಲ್ಲವೂ ಸಿಗಲಿಲ್ಲ. ಕರಿವಲಂವಂದನಲ್ಲೂರಿನ ದೇವಸ್ಥಾನದಲ್ಲಿ ಓಲೆಗರಿಗಳಿವೆ ಎಂದು ಕೇಳಿ ಹೋದರೆ, ಹಳೆಯ ಗರಿಗಳನ್ನು ತುಪ್ಪದಲ್ಲಿ ಅದ್ದಿ ಹೋಮಕ್ಕೆ ಹಾಕಿದೆವು, ಆಗಮದಲ್ಲಿ ಹಾಗೇ ಹೇಳಿದೆ ಎಂದರು ಅಲ್ಲಿಯವರು. ಅಯ್ಯರ್ ಆತ್ಮಕಥೆಯ ಆ ಪುಟವನ್ನು ನನ್ನ ಅರೆಬರೆ ತಮಿಳಿನಲ್ಲಿ ಓದಿ ಪುಸ್ತಕ ಮುಚ್ಚಿಟ್ಟುಬಿಟ್ಟೆ.

ಇಷ್ಟಾದರೂ ಎಲ್ಲವನ್ನೂ ಅಯ್ಯರ್ ಒಬ್ಬರೇ ಉಳಿಸಿದರು ಎನ್ನುವವರ ಮಾತು ನಂಬಬೇಡ. ಜಾಫ್ನಾದಿಂದ ಬಂದ ಸಿ. ವೈ. ದಾಮೋದರಂ ಪಿಳ್ಳೆ ಅದೇ 1887ರಲ್ಲಿ ಇನ್ನೊಂದು ಸಂಗಂ ಗ್ರಂಥ ಕಲಿತ್ತೊಗೈ ಅಚ್ಚು ಹಾಕಿಸಿದ್ದರು. ಚಿಂತಾಮಣಿಯನ್ನೂ ನಾನೇ ಪ್ರಕಟಿಸುತ್ತೇನೆ, ಕೊಡಿ ಎಂದು ಅವರು ಕೇಳಿದಾಗ ಅಯ್ಯರ್ ಕೊಡಲಿಲ್ಲ. ಇದನ್ನೂ ಆತ್ಮಕಥೆಯಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಸಂತರಲ್ಲ ಎಂದು ತಿಳಿದ ಮೇಲೆಯೇ ನನಗೆ ಅವರು ಹತ್ತಿರವಾದದ್ದು.

ನನಗೇಕೆ ನಿನ್ನ ಮೇಲೆ ಹೊಟ್ಟೆಕಿಚ್ಚು ಗೊತ್ತೇನು? ನನ್ನ ಮೊದಲ ಸಂಕಲನಕ್ಕೆ ಬಹುಮಾನ ಬಂತು, ಹಾರ ಬಿತ್ತು. ಮುನ್ನುಡಿ ಬರೆದ ದೊಡ್ಡವರು ಒಳಗಿನ ಒಂದು ಪುಟವನ್ನೂ ಓದಿರಲಿಲ್ಲವೆಂದು ಆಮೇಲೆ ತಿಳಿಯಿತು. ಅಂದಿನಿಂದ ಯಾರೂ ನನ್ನನ್ನು ಏನು ಓದಿದ್ದೀಯ ಎಂದು ಕೇಳಲಿಲ್ಲ. ಬೆನ್ನು ತಟ್ಟಿದವರೇ ಎಲ್ಲ. ಪಂಪನ ಮುಂದೆ ನಿಘಂಟು ಹಿಡಿದು ಕೂತದ್ದು ನಿವೃತ್ತಿಯಾದ ಮೇಲೆ. ಆ ಹೊಗಳಿಕೆಯವರನ್ನು ಇವತ್ತಿಗೂ ಕ್ಷಮಿಸಿಲ್ಲ. ನಿನಗೆ ಇಪ್ಪತ್ತನಾಲ್ಕಕ್ಕೇ ಮುದಲಿಯಾರರು ಸಿಕ್ಕಿದ್ದಾರೆ, ನೀನು ಅಳುತ್ತ ಕೂತಿದ್ದೀಯ!

ಇನ್ನೊಂದು. ಚಿಂತಾಮಣಿ ಹೊರಬಂದ ಮೇಲೆ ಅಯ್ಯರ್ ಮೇಲೆ ಖಂಡನೆಗಳು ಅಚ್ಚಾಗಿ ಬಂದವು. ಶೈವರಾಗಿ ಜೈನರ ಪುಸ್ತಕ ತರುವುದೇ ಎಂದು ಕೆಲವರು, ತಪ್ಪು ಎಣಿಸುವವರು ಕೆಲವರು. ಅಯ್ಯರ್ ಕೂತು ಉತ್ತರ ಬರೆದು, ಕುಂಭಕೋಣದ ಅದೇ ಕಾಲೇಜಿನ ಸಾಧು ಶೇಷಯ್ಯರ್ ಅವರಿಗೆ ಒಯ್ದು ತೋರಿಸಿದರು. ಅವರು ಅದನ್ನು ಹರಿದುಹಾಕಿದರು. ಉತ್ತರ ಕೊಡುವುದಕ್ಕೆ ಹೊರಟರೆ ಜೀವಮಾನವೆಲ್ಲ ಅದಕ್ಕೇ ಹೋಗುತ್ತದೆ, ಕೆಲಸ ನೋಡಿ ಎಂದರು.

ನಿಮ್ಮೂರಿನ ಹಿರಿಯರಿಗೆ ನೀನು ಬರೆದಿಟ್ಟ ಉತ್ತರ, ಪತ್ರಿಕೆಗೆ ಕಳಿಸಿಕೊಡಿ ಎಂದು ಕಟ್ಟಿನೊಳಗೆ ಇಟ್ಟಿದ್ದೆಯಲ್ಲ, ಅದು ನನ್ನ ಬುಟ್ಟಿಯಲ್ಲಿದೆ, ನಾಲ್ಕು ಚೂರಾಗಿ. ಗದ್ಯ ಚೆನ್ನಾಗಿತ್ತು, ಅದಕ್ಕೇ ಹರಿದೆ. ಕಾದಂಬರಿಯನ್ನು ಇನ್ನೊಮ್ಮೆ ಓದಿ ಬರೆಯುತ್ತೇನೆ, ಅವಸರ ಮಾಡಬೇಡ. ಅಷ್ಟರೊಳಗೆ ಆ ಹಿರಿಯರ ಮನೆಗೆ ಹೋಗಿ ವಡ್ಡಾರಾಧನೆಯ ಒಂದು ಪ್ರತಿ ಕೇಳಿ ಪಡೆದುಕೋ.

ಇತಿ,
ನಿನ್ನ ಹಿತೈಷಿ